ನೋಟೀಸು ಓದಿ ಹೇಳುವ ಟೈಪಕ್ಕ

ಬೆಳಗಿನ ಆರು ಗಂಟೆ. ಕೋರ್ಟಿನ ಹಿಂಬಾಗಿಲ ದೀಪ ಇನ್ನೂ ಆರಿಲ್ಲ. ಮೆಟ್ಟಿಲಿನ ಕೆಳಗಿನ ಮೂಲೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಮೊಣಕಾಲೂರಿ ಕೂತು, ಮೇಜಿನ ಕಾಲಿಗೆ ಸುತ್ತಿದ ಸರಪಳಿಯ ಬೀಗ ತೆಗೆಯುತ್ತಿದ್ದಾರೆ. ಬೀಗ ಹಳೆಯದು, ಒಂದೇ ಸಲಕ್ಕೆ ಮಾತು ಕೇಳುವುದಿಲ್ಲ. ಅವರೂ ಪಟ್ಟು ಬಿಡುವುದಿಲ್ಲ. ಮೇಜು ಒರೆಸಿ, ಟೈಪ್‌ರೈಟರಿನ ಹೊದಿಕೆ ಮಡಚಿ, ಬಿಳಿ ಹಾಳೆಗಳ ಕಟ್ಟು ಗಾಳಿಗೆ ಹಾರದಂತೆ ಅದರ ಮೇಲೊಂದು ಹಳೇ ಸ್ಟೇಪ್ಲರ್ ಇಡುವಷ್ಟರಲ್ಲಿ ಎದುರಿನ ಬೆಂಚಿನಲ್ಲಿ ಮೂವರು ಕೂತಾಗಿದೆ. ಒಬ್ಬ ಟ್ಯಾಕ್ಸಿಯವನು, ಒಬ್ಬ ಹಾಲಿನ ವ್ಯಾನಿನವನು, ಇನ್ನೊಬ್ಬ ಗೋದಾಮಿನ ಕಾವಲುಗಾರ. ಮೂವರೂ ರಾತ್ರಿಪಾಳಿ ಮುಗಿಸಿ, ಮನೆಗೆ ಹೋಗಿ ಮಲಗುವ ಮೊದಲು ಇಲ್ಲಿಗೆ ಬಂದವರು. ಕೋರ್ಟು ತೆರೆಯುವುದು ಹತ್ತಕ್ಕಾದರೂ ಟೈಪಕ್ಕನ ಮೇಜು ಆರಕ್ಕೇ ತೆರೆಯುವುದು ಇಂಥವರಿಗಾಗಿಯೇ.

ಟ್ಯಾಕ್ಸಿಯವನು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಮೇಜಿನ ಮೇಲಿಡುತ್ತಾನೆ. ಟೈಪಕ್ಕ ಅದನ್ನು ಮುಟ್ಟುವುದಿಲ್ಲ. "ಓದಿದ್ರಾ?" ಎಂದು ಕೇಳುತ್ತಾರೆ. ಓದಿಲ್ಲ. ಪೊಲೀಸಿನವರು ಕೊಟ್ಟರು, ಜೇಬಿಗೆ ಹಾಕಿಕೊಂಡ, ಹನ್ನೊಂದು ದಿನವಾಯಿತು. ಆಮೇಲೆ ಟೈಪಕ್ಕ ಕನ್ನಡಕ ಏರಿಸಿ, ಶಾಲೆಯಲ್ಲಿ ಪಾಠ ಓದುವಂತೆ ಮೊದಲ ಅಕ್ಷರದಿಂದ ಕೊನೆಯ ಸೀಲಿನವರೆಗೆ ಜೋರಾಗಿ ಓದುತ್ತಾರೆ. ಸಿಗ್ನಲ್ ದಾಟಿದ್ದಕ್ಕೆ ಹದಿನೈದು ದಿನದೊಳಗೆ ದಂಡ ಕಟ್ಟಬೇಕು, ಇಲ್ಲವೇ ತಕರಾರಿದೆ ಎಂದು ಬರೆದು ಕೊಡಬೇಕು. ಅವನಿಗೆ ಒಂದೇ ಅನುಮಾನ: ದೀಪ ಹಳದಿ ಇತ್ತು ಅಂತ ಬರೆದು ಕೊಡಬಹುದಾ?

"ಹಳದಿ ಇತ್ತಾ?"

ಅವನು ತನ್ನ ಬೂಟು ನೋಡಿಕೊಳ್ಳುತ್ತಾನೆ. "ಕೆಂಪು ಆಗ್ತಾ ಇತ್ತು."

"ಹಾಗಾದ್ರೆ ಏನಂತ ಬರೀಲಿ?" ಕಟ್ಟಿಬಿಡ್ತೀನಿ ಎಂದು ಅವನೇ ಹೇಳುತ್ತಾನೆ. "ಇನ್ನೂ ನಾಲ್ಕು ದಿನ ಇದೆ. ಹೋಗಿ ಮಲಗಿ."

ಹೀಗೆ ದಿನಕ್ಕೆ ನಲವತ್ತು ಜನ, ಸೋಮವಾರ ಅರವತ್ತು. ರಜೆ ಮುಗಿದ ಮರುದಿನವಂತೂ ಸಾಲು ಸೈಕಲ್ ಸ್ಟ್ಯಾಂಡಿನವರೆಗೆ ಹೋಗುತ್ತದೆ. ಹತ್ತು ಮಂದಿಯಲ್ಲಿ ಏಳು ಮಂದಿ ಕಾಗದ ಬಿಡಿಸಿಯೇ ನೋಡಿರುವುದಿಲ್ಲ ಎಂಬುದು ಟೈಪಕ್ಕನ ಲೆಕ್ಕ. ಅವರಿಗೆ ಓದು ಬರುವುದಿಲ್ಲ ಎಂದಲ್ಲ, ಭಯ. ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಗಾಡಿ ನನ್ನದು, ಓಡಿಸಿದ್ದು ಭಾವಮೈದ, ದಂಡ ಯಾರ ತಲೆಗೆ? ಹೆಸರಲ್ಲಿ ಒಂದಕ್ಷರ ತಪ್ಪಾಗಿದೆ, ಅದು ನಾನಲ್ಲ ಅನ್ನಬಹುದಾ? ನೋಟೀಸು ಒಗೆಯುವ ಬಟ್ಟೆಯಲ್ಲಿ ಹೋಗಿ ಮುದ್ದೆಯಾಯಿತು, ಕೇಸೂ ಹೋಯಿತಾ? ಈ ಕೊನೆಯದಕ್ಕೆ ಟೈಪಕ್ಕ ನಗುತ್ತಾರೆ. ನಗದೇ ಉತ್ತರಿಸುವುದು ಒಂದೇ ಪ್ರಶ್ನೆಗೆ: ಹೋಗದೇ ಇದ್ದರೆ ಏನಾಗುತ್ತೆ?

"ಮೊದಲು ಏನೂ ಆಗಲ್ಲ. ಆಮೇಲೆ ಒಂದು ದಿನ ಎಲ್ಲಾ ಒಟ್ಟಿಗೆ ಆಗುತ್ತೆ" ಎನ್ನುತ್ತಾರೆ.

ಒಂದು ಹಾಳೆ ಎಂಥ ಕೆಲಸ ಮಾಡಬಲ್ಲದು ಎಂಬುದನ್ನು ಅವರು ಕಲಿತದ್ದು ಮನೆಯಲ್ಲೇ. ಇಪ್ಪತ್ತೆರಡು ವರ್ಷದ ಹಿಂದೆ ಅವರ ಯಜಮಾನರು ಶಾಲಾ ಬಸ್ಸಿನ ಚಾಲಕರು. ಒಂದು ಮಧ್ಯಾಹ್ನ ಬಸ್ಸಿಗೆ ಅಡ್ಡವಾಗಿ ಕಾರು ನಿಲ್ಲಿಸಿದವನ ಜೊತೆ ಮಾತಿಗೆ ಮಾತು ಬೆಳೆಯಿತು. ಅವನು ಎದೆಗೆ ಕೈ ಹಾಕಿದ, ಇವರು ತಳ್ಳಿದರು. ದೂರು ಕೊಟ್ಟವನು ಅವನು. ಚಿಕ್ಕ ಕೇಸು, ಚಿಕ್ಕ ದಂಡ. ಕಟಕಟೆ ಹತ್ತುವ ಮುಂಚೆ ಕಾರಿಡಾರಿನಲ್ಲಿ ಯಾರೋ ಒಬ್ಬರು, ಒಪ್ಪಿಕೊಂಡುಬಿಡಪ್ಪ, ಊಟದ ಹೊತ್ತಿಗೆ ಮನೆಯಲ್ಲಿರ್ತೀಯ ಎಂದು ಹೇಳಿದರು. ಅವರು ಒಪ್ಪಿಕೊಂಡರು. ಊಟದ ಹೊತ್ತಿಗೆ ಮನೆಯಲ್ಲೂ ಇದ್ದರು. ಆರು ತಿಂಗಳ ನಂತರ ಮಕ್ಕಳ ವಾಹನ ಓಡಿಸುವ ಪರವಾನಗಿ ನವೀಕರಿಸಲು ಅರ್ಜಿ ತುಂಬುವಾಗ ಮೂರನೇ ಪುಟದಲ್ಲೊಂದು ಸಾಲಿತ್ತು: ಯಾವುದಾದರೂ ಅಪರಾಧದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿದೆಯೇ? ಹೌದು ಎಂದು ಬರೆದರು. ಹದಿನೇಳು ವರ್ಷ ಓಡಿಸಿದ ಬಸ್ಸಿನ ಕೀಲಿಯನ್ನು ಆ ವಾರವೇ ವಾಪಸು ಕೊಟ್ಟು ಬಂದರು.

"ಅವರು ತಪ್ಪೇ ಮಾಡಿಲ್ಲ ಅಂತ ನಾನು ಹೇಳಲ್ಲ. ತಳ್ಳಿದ್ದು ನಿಜ. ಆದ್ರೆ ತಾನು ಏನನ್ನ ಒಪ್ಕೋತಾ ಇದ್ದೀನಿ ಅಂತ ಅವರಿಗೆ ಗೊತ್ತಿರಲಿಲ್ಲ. ಕಾಗದ ಕೈಯಲ್ಲೇ ಇತ್ತು. ಯಾರೂ ಓದಿ ಹೇಳಲಿಲ್ಲ. ನಾನೂ ಓದಲಿಲ್ಲ. ಟೈಪ್ ಮಾಡಿ ಹೊಟ್ಟೆ ಹೊರೀತಿದ್ದೋಳು ನಾನು, ದಿನಾ ಬೇರೆಯವರ ಕಾಗದ ಓದ್ತಿದ್ದೆ" ಎಂದು ಟೈಪಕ್ಕ ಹೇಳುವಾಗ ಬೆರಳುಗಳು ಸುಮ್ಮನೆ ಕೀಲಿಗಳ ಮೇಲೆ ಆಡುತ್ತವೆ.

ಆಗ ಅವರು ಒಂದು ಮರದ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್. ತೀರ್ಪಿನ ನಕಲು ಬೇಕೆಂದು ಕೋರ್ಟಿಗೆ ಬಂದಾಗ, ಈ ಮೆಟ್ಟಿಲ ಕೆಳಗೆ ಕೂರುತ್ತಿದ್ದ ವಯಸ್ಸಾದ ಅರ್ಜಿ ಬರಹಗಾರರೊಬ್ಬರು ಅರ್ಜಿ ಬರೆದುಕೊಟ್ಟರು. ಮುದುಕರಿಗೆ ಕಣ್ಣು ಮಂಜಾಗುತ್ತಿತ್ತು. ಬರೆದದ್ದನ್ನು ಓದಿ ನೋಡಮ್ಮ ಎಂದು ಇವರ ಕೈಗೇ ಕೊಟ್ಟರು. ಇವರು ಓದಿ ನಾಲ್ಕು ತಪ್ಪು ತೋರಿಸಿದರು. ಮರುವಾರ ಮುದುಕರೇ ಹೇಳಿ ಕಳಿಸಿದರು, ಅರ್ಧ ದಿನ ಬಂದು ಕೂರ್ತೀಯಾ ಎಂದು. ಯಜಮಾನರ ಸಂಬಳ ನಿಂತುಹೋಗಿದ್ದ ಕಾಲ. ಅರ್ಧ ದಿನ ಹೋಗಿ ಪೂರ್ತಿ ದಿನವಾಯಿತು, ಮುದುಕರ ನಂತರ ಮೇಜೂ ಇವರದಾಯಿತು.

ಮೊದಲ ಎಂಟು ವರ್ಷ ಟೈಪಕ್ಕ ಕೇಳಿದವರಿಗೆಲ್ಲ ಕೈತುಂಬಾ ಸಲಹೆ ಕೊಡುತ್ತಿದ್ದರಂತೆ. ಅದು ಕೆಲವು ವಕೀಲರ ಕಣ್ಣಿಗೆ ಬಿತ್ತು. ಪದವಿಯಿಲ್ಲದ ಹೆಂಗಸು ಮೆಟ್ಟಿಲ ಕೆಳಗೆ ಕೂತು ವಕಾಲತ್ತು ನಡೆಸುತ್ತಿದ್ದಾಳೆ, ಮೇಜು ಎತ್ತಿಸಿ ಎಂದು ದೂರು ಹೋಯಿತು. ಕೋರ್ಟಿನ ಕಚೇರಿಯ ಮುಖ್ಯಸ್ಥರು ಕರೆಸಿದರು. ಟೈಪ್ ಮಾಡಬಹುದು, ಓದಿ ಹೇಳಬಹುದು, ಸಲಹೆ ಮಾತ್ರ ಕೊಡಕೂಡದು. ಇನ್ನೊಂದು ದೂರು ಬಂದರೆ ಮೇಜು ಉಳಿಯುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಬೇರೆಯವರಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಟೈಪ್ ಮಾಡಿಕೊಂಡಿರುತ್ತಿದ್ದರು. ಟೈಪಕ್ಕ ಅವತ್ತು ಮನೆಗೆ ಹೋಗಿ ಯೋಚಿಸಿದರು. ಅಲ್ಲಿಂದ ಮುಂದೆ ಅವರು ಯಾರಿಗೂ ಸಲಹೆ ಕೊಟ್ಟಿಲ್ಲ. ಕಾಗದದಲ್ಲಿ ಇರುವುದನ್ನು ಓದುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ, ಅಷ್ಟೇ. ಜನ ತಾವೇ ಉತ್ತರ ಹೇಳಿಕೊಂಡು ತಾವೇ ಎದ್ದು ಹೋಗುತ್ತಾರೆ. "ಪ್ರಶ್ನೆ ಕೇಳಬಾರದು ಅಂತ ಸಾಹೇಬರು ಹೇಳಿರಲಿಲ್ಲ" ಎನ್ನುವಾಗ ಮುಖದಲ್ಲಿ ಒಂದು ಎಳೆ ನಗುವಿದೆ.

ಅಂಥ ಪ್ರಶ್ನೆಗಳಿಂದಲೇ ಮೂರು ವರ್ಷದ ಹಿಂದೆ ಒಬ್ಬ ಹುಡುಗಿಯ ಬದುಕು ಹಳಿ ತಪ್ಪದೆ ಉಳಿಯಿತು. ಅವಳು ನರ್ಸಿಂಗ್ ಮುಗಿಸಿದವಳು, ಮುಂದಿನ ತಿಂಗಳು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಬಸ್ ನಿಲ್ದಾಣದಲ್ಲಿ ಟಿಕೆಟ್ ತಪಾಸಣೆಯವನು ಅವಳ ತಾಯಿಯ ಚೀಲ ಎಳೆದಾಡಿದನೆಂದು ಗಲಾಟೆ ಮಾಡಿದ್ದಳು. ಸಾರ್ವಜನಿಕ ಸ್ಥಳದಲ್ಲಿ ಶಾಂತಿಭಂಗ ಎಂದು ಕೇಸಾಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಚಿಕ್ಕಪ್ಪನ ಜೊತೆ ಬಂದಳು. ಚಿಕ್ಕಪ್ಪನಿಗೆ ಅವಸರ. ತಪ್ಪಾಯಿತು ಅಂತ ಒಪ್ಪಿಕೊಂಡು ಒಂದು ಕಾಗದ ಬರೆದುಕೊಡಿ, ದಂಡ ಕಟ್ಟಿ ಕೈ ತೊಳೆದುಕೊಳ್ತೀವಿ, ಇವಳು ಆಸ್ಪತ್ರೆ ಕೆಲಸಕ್ಕೆ ಸೇರಬೇಕು, ಹನ್ನೊಂದಕ್ಕೆ ನಾನು ಅಂಗಡಿ ತೆಗೆಯಬೇಕು ಎಂದು ಅವಸರಪಡಿಸಿದರು.

ಟೈಪಕ್ಕ ಹಾಳೆ ಹಾಕಲಿಲ್ಲ. ಸಮನ್ಸನ್ನು ಮೊದಲಿನಿಂದ ಓದಿದರು. ಇದು ಸಿಗ್ನಲ್ ದಾಟಿದ ಚೀಟಿಯಲ್ಲ, ಮೇಲೆ 'ಆರೋಪಿ' ಎಂದಿದೆ, ಕಲಂ ಇದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಹುಡುಗಿಯನ್ನೇ ನೋಡಿ ಕೇಳಿದರು.

"ಆಸ್ಪತ್ರೆ ಅರ್ಜಿ ತುಂಬಿದ್ಯಲ್ಲ ಮಗಳೇ, ಅದರಲ್ಲಿ ಕೇಸಿನ ಬಗ್ಗೆ ಏನಾದ್ರೂ ಕೇಳಿದ್ರಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಕೇಳಿದ್ದರು, ಇಲ್ಲ ಅಂತ ಬರೆದಿದ್ದೀನಿ ಎಂದಳು. ಅದನ್ನು ಬರೆಯುವಾಗ ಗಲಾಟೆ ಇನ್ನೂ ನಡೆದಿರಲಿಲ್ಲ.

"ಒಪ್ಪಿಕೊಂಡ್ರೆ ನಾಳೆ ಏನಂತ ಬರೀತೀಯ?"

ಚಿಕ್ಕಪ್ಪ ಕೆಂಡವಾದರು. ಇವಳ್ಯಾರು ನಮ್ಮನ್ನು ವಿಚಾರಣೆ ಮಾಡೋಕೆ ಎಂದು ಬೆಂಚಿನವರಿಗೆಲ್ಲ ಕೇಳುವಂತೆ ಕೂಗಾಡಿದರು. ವಕೀಲರಿಬ್ಬರು ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದರು. ಆ ಕ್ಷಣ ತನ್ನ ಮೇಜು ಹೋಯಿತೆಂದೇ ಟೈಪಕ್ಕ ಅಂದುಕೊಂಡಿದ್ದರು. ಆದರೂ ಇನ್ನೊಂದು ಪ್ರಶ್ನೆ ಕೇಳಿದರು: ಆರನೇ ನಂಬರಿನ ಕೋಣೆಯ ಬಾಗಿಲಲ್ಲಿ ಏನು ಬರೆದಿದೆ, ನೋಡಿದ್ದೀಯಾ? ಹುಡುಗಿ ಹೋಗಿ ನೋಡಿ ಬಂದಳು. ಉಚಿತ ಕಾನೂನು ನೆರವು ಎಂದಿತ್ತು. ಮಂಗಳವಾರ, ಶುಕ್ರವಾರ ಮಾತ್ರ ಎಂದೂ ಇತ್ತು. ಅವತ್ತು ಬುಧವಾರ. ಕೂಗುತ್ತಿದ್ದ ಚಿಕ್ಕಪ್ಪನ ಪಕ್ಕದಲ್ಲೇ ನಿಂತು ಅವಳು ತನ್ನ ಬಾಯಲ್ಲೇ ಹೇಳಿದಳು, ಟೈಪಕ್ಕ ಒಂದೇ ಸಾಲು ಹೊಡೆದರು: ವಕೀಲರನ್ನು ನೇಮಿಸಿಕೊಳ್ಳಲು ಕಾಲಾವಕಾಶ ಬೇಕಾಗಿದೆ.

ನ್ಯಾಯಾಧೀಶರು ಎರಡು ವಾರ ಕೊಟ್ಟರು. ಆರನೇ ಕೋಣೆಯ ವಕೀಲೆ ನಿಲ್ದಾಣದ ಕ್ಯಾಮೆರಾ ಚಿತ್ರ ತರಿಸಿದರು. ಮೊದಲು ಕೈ ಹಾಕಿದ್ದು ಯಾರೆಂದು ಅದರಲ್ಲಿ ಸ್ಪಷ್ಟವಾಗಿತ್ತು. ಮೂರನೇ ವಿಚಾರಣೆಗೆ ಕೇಸು ವಜಾ ಆಯಿತು. ಕೆಲಸಕ್ಕೆ ಸೇರುವುದು ಎರಡು ತಿಂಗಳು ತಡವಾಯಿತು, ಆದರೆ ಸೇರಿದಳು. ಈಗ ಮಕ್ಕಳ ವಾರ್ಡಿನಲ್ಲಿದ್ದಾಳೆ. ಚಿಕ್ಕಪ್ಪ? ಹೋದ ವರ್ಷ ಬಂದಿದ್ದರು, ಗಾಡಿಯನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ನೋಟೀಸು. ಸಾಲಿನಲ್ಲಿ ಸುಮ್ಮನೆ ನಿಂತು, ತಮ್ಮ ಸರದಿ ಬಂದಾಗ ಟೈಪಕ್ಕ ಕೇಳುವ ಮುಂಚೆಯೇ, "ಓದಿದ್ದೀನಿ ತಾಯಿ" ಎಂದರಂತೆ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ಓದಿಸಿಕೊಂಡೂ ಬೈದು ಹೋದವರಿದ್ದಾರೆ. ವಾಯಿದೆಗೆ ಬಾರದೆ ವಾರಂಟಾಗಿ, ಹೆಂಡತಿ ಮಕ್ಕಳ ಮುಂದೆ ಜೀಪು ಹತ್ತಿದ ಗಾರೆ ಕೆಲಸದವನೊಬ್ಬನನ್ನು ಟೈಪಕ್ಕ ಇಂದಿಗೂ ನೆನೆಯುತ್ತಾರೆ. ಅವನಿಗೆ ದಿನಾಂಕ ಎರಡು ಸಲ ಓದಿದ್ದೆ, ಮೂರನೇ ಸಲ ಓದಬೇಕಿತ್ತು ಎನ್ನುತ್ತಾರೆ. ಟೈಪಕ್ಕನ ಬೆನ್ನು ಬಗ್ಗಿಹೋಗಿದೆ, ಬಲಗೈಯ ಎರಡು ಬೆರಳು ಚಳಿಗೆ ಸೆಟೆದುಕೊಳ್ಳುತ್ತವೆ. ಮೂಲೆಗೆ ಕಿಟಕಿಯಿಲ್ಲ, ಬೇಸಿಗೆಯಲ್ಲಿ ಒಲೆಯ ಮುಂದೆ ಕೂತ ಹಾಗೆ. ಯಜಮಾನರು ಈಗ ಟೈರಿನ ಅಂಗಡಿಯಲ್ಲಿ ಚಕ್ರ ಜೋಡಿಸುತ್ತಾರೆ. ದಿನಾ ಬೆಳಗ್ಗೆ ಹೆಂಡತಿಯನ್ನು ತಿರುವಿನವರೆಗೆ ಬಿಟ್ಟುಹೋಗುತ್ತಾರೆ, ಕೋರ್ಟಿನ ಗೇಟು ಮಾತ್ರ ದಾಟುವುದಿಲ್ಲ. ಟೈಪಕ್ಕ ಒತ್ತಾಯ ಮಾಡುವುದೂ ಇಲ್ಲ. ಬೆಳಿಗ್ಗೆ ನಾದಿನಿ ಕಟ್ಟಿಕೊಟ್ಟ ಬುತ್ತಿಯನ್ನು ಎರಡಕ್ಕೆ ಬಿಚ್ಚುತ್ತಾರೆ. ಆಗಲೂ ಒಂದು ಕಣ್ಣು ಬೆಂಚಿನ ಮೇಲೆ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕಚೇರಿಯ ಗುಮಾಸ್ತರು ಒಳಗಿನಿಂದ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಹೊಸ ನೋಟೀಸಿನ ಕರಡು. ಜನಕ್ಕೆ ಅರ್ಥವಾಗುತ್ತಾ ನೋಡಿ ಹೇಳಬೇಕಂತೆ, ಸಾಹೇಬರು ಕೇಳಿದ್ದಾರೆ ಎಂದರು. ಮೇಜು ಎತ್ತಿಸುತ್ತೇನೆ ಎಂದಿದ್ದ ಅದೇ ಕಚೇರಿ. ಟೈಪಕ್ಕ ಆ ಹಾಳೆಯನ್ನು ಮನೆಗೊಯ್ದು, ಪೆನ್ಸಿಲಿನಲ್ಲಿ ಒಂಬತ್ತು ಕಡೆ ಗುರುತು ಹಾಕಿ ವಾಪಸು ಕೊಟ್ಟರು. ಕಚೇರಿಯವರು ಎಂಟನ್ನು ತಿರಸ್ಕರಿಸಿದರು, ಒಂದನ್ನು ಒಪ್ಪಿಕೊಂಡರು. ಅಲ್ಲಿಯವರೆಗೆ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತಿದ್ದ ಕೊನೆಯ ದಿನಾಂಕ ಈಗ ಮುಂಬದಿಗೆ, ಹೆಸರಿನ ಕೆಳಗೆ, ದಪ್ಪ ಅಕ್ಷರಕ್ಕೆ ಬಂದಿದೆ.

ಆ ನೋಟೀಸಿನಲ್ಲಿ ಟೈಪಕ್ಕನ ಹೆಸರಿಲ್ಲ, ಇರಬೇಕೆಂದು ಅವರಿಗೆ ಅನಿಸಿಯೂ ಇಲ್ಲ. ಈ ತಿಂಗಳು ಬೆಂಚಿನಲ್ಲಿ ಜನ ಸ್ವಲ್ಪ ಕಡಿಮೆಯಾಗಿದ್ದಾರೆ. ದುಡಿಮೆಗೆ ಪೆಟ್ಟಲ್ಲವೇ ಎಂದು ಕೇಳಿದರೆ ಅವರು ಹಾಳೆಯ ಅಂಚನ್ನು ನೇರ ಮಾಡಿಕೊಳ್ಳುತ್ತಾ ಹೇಳುತ್ತಾರೆ:

"ಆ ಒಂದು ಸಾಲು ಓದಿಕೊಂಡೋರು ನನ್ನ ಹತ್ರ ಬರೋ ಅಗತ್ಯ ಇಲ್ಲ. ಬರದೇ ಇರ್ಲಿ."