ಕೆಳಗಿನ ಮನೆಯವರ ತಮ್ಮನಿಗೆ ಬಂದ ವೀಸಾ

ಕಳೆದ ತಿಂಗಳು ಹೆಂಡತಿಯೊಂದಿಗೆ ಬಹರೈನಿನ ಸನದ್‌ನ ಒಂದು ದೊಡ್ಡ ಅಂಗಡಿಯಲ್ಲಿ ಮೀನಿನ ವಿಭಾಗದ ಮುಂದೆ ನಿಂತಿದ್ದೆ. ಉಪ್ಪು ಹಾಕಿ ಒಣಗಿಸಿದ, ಹಲಗೆಯ ಹಾಗೆ ಗಟ್ಟಿಯಾದ ಬಿಳಿ ಮೀನಿನ ತುಂಡುಗಳನ್ನು ಜೋಡಿಸಿಟ್ಟಿದ್ದರು. ಯುರೋಪಿನಿಂದ ಬಂದದ್ದಂತೆ. ಅಂಗಡಿಯವನು ಒಂದು ತುಂಡನ್ನು ಎತ್ತಿ ತೋರಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಜಿಂಜ್‌ನ ನಮ್ಮ ಹಳೆಯ ಕಟ್ಟಡ ನೆನಪಾಯಿತು, ಅದರ ಕಿರಿದಾದ ಮೆಟ್ಟಿಲು ನೆನಪಾಯಿತು, ಕೆಳಗಿನ ಮನೆಯವರು ನೆನಪಾದರು...

ತೊಂಬತ್ತರ ದಶಕದ ಮಾತು. ಹಡಗು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ನಾನು ಟೈಪಿಸ್ಟ್. ಹೆಸರಿಗೆ ಟೈಪಿಸ್ಟ್, ಹೊಸದಾಗಿ ಬರುವವರ ವೀಸಾದ ಅರ್ಜಿ ತುಂಬಿಸುವುದು, ಅದನ್ನು ಸರಕಾರಿ ಕಚೇರಿಗಳಿಗೆ ತಿರುಗುವ ನಮ್ಮ ಮಂದೂಬನ ಕೈಗೆ ಕೊಡುವುದು, ವೀಸಾ ಬಂದ ಕೂಡಲೇ ಅವರವರ ಊರಿಗೆ ಫ್ಯಾಕ್ಸ್ ಮಾಡುವುದು, ಎಲ್ಲ ನನ್ನದೇ. ಕೆಳಗಿನ ಮನೆಯವರು ಅದೇ ಕಂಪನಿಯ ಇಂಜಿನಿಯರ್. ಐವತ್ತರ ಹತ್ತಿರದ ವಯಸ್ಸು, ದಪ್ಪ ಹುಬ್ಬು, ಒಂಟಿ ಮನುಷ್ಯ.

ಒಂದು ಶುಕ್ರವಾರ ನನ್ನ ಹೆಂಡತಿ ಒಣಮೀನು ಹುರಿಯುತ್ತಿದ್ದಾಗ ಬೆಲ್ ಆಯಿತು. ಮೇಲಿನ ಮನೆಯವರು ಮೊದಲೇ ಎರಡು ಸಲ ದೂರು ಕೊಟ್ಟಿದ್ದರು. ಇನ್ನೊಂದು ಕ್ಷಮಾಪಣೆಗೆ ಸಿದ್ಧನಾಗಿಯೇ ಬಾಗಿಲು ತೆರೆದೆ. ನಿಂತಿದ್ದವರು ಕೆಳಗಿನ ಮನೆಯವರು. ತಮ್ಮ ತಾಯಿಯ ಅಡುಗೆಮನೆಯ ವಾಸನೆ ಬರುತ್ತಿದೆ, ಒಳಗೆ ಏನು ಬೇಯುತ್ತಿದೆ ಎಂದು ಕೇಳಿದರು. ಹೆಂಡತಿ ಒಂದು ತಟ್ಟೆಯಲ್ಲಿ ಹಾಕಿಕೊಟ್ಟಳು. ಮುಂದಿನ ಶುಕ್ರವಾರ ಅದೇ ತಟ್ಟೆಯಲ್ಲಿ ಅವರ ಊರಿನ ಉಪ್ಪುಮೀನು, ಆಲಿವ್ ಎಣ್ಣೆಯಲ್ಲಿ ಬೆಂದದ್ದು, ನಮ್ಮಲ್ಲಿಗೆ ಬಂತು. "ಖಾರವೇ ಇಲ್ಲ ಮಾರಾಯ್ರೆ, ಆಸ್ಪತ್ರೆ ಊಟದ ಹಾಗೆ" ಎನ್ನುತ್ತಲೇ ಅವಳು ತಟ್ಟೆ ಖಾಲಿ ಮಾಡಿದಳು.

ಅವರನ್ನು ನಾವು ಸ್ಪೇನಿನವರೆಂದೇ ತಿಳಿದಿದ್ದೆವು. ಒಮ್ಮೆ ಹಾಗೆಂದಾಗ ಅವರು ನಕ್ಕರು. "ಪಾಸ್‌ಪೋರ್ಟ್ ಹಾಗೆ ಹೇಳುತ್ತದೆ. ನನ್ನ ಅಮ್ಮ ಹಾಗೆ ಹೇಳುವುದಿಲ್ಲ." ಅವರು ಬಾಸ್ಕ್. ಸ್ಪೇನ್ ಮತ್ತು ಫ್ರಾನ್ಸಿನ ನಡುವೆ, ಕಡಲಿಗೂ ಬೆಟ್ಟಕ್ಕೂ ಅಂಟಿಕೊಂಡ ನಾಡು. ಸುತ್ತಲಿನ ಯಾವ ಭಾಷೆಗೂ ನೆಂಟಸ್ತಿಕೆಯಿಲ್ಲದ ಭಾಷೆ. ಸ್ಪೇನಿನ ಸರ್ವಾಧಿಕಾರಿಯ ಕಾಲದಲ್ಲಿ ಆ ಭಾಷೆ ಆಡಿದ್ದಕ್ಕೆ ಅವರ ತಾಯಿ ಶಾಲೆಯಲ್ಲಿ ಪೆಟ್ಟು ತಿಂದಿದ್ದರಂತೆ. ಮನೆಯಲ್ಲಿ ಬಾಸ್ಕ್ ಆಡುವ ಆಕೆಗೆ ಅದನ್ನು ಬರೆಯಲು ಬರುತ್ತಿರಲಿಲ್ಲ. ಮಗನಿಗೆ ಕಾಗದ ಬರೆಯುತ್ತಿದ್ದದ್ದು ಸ್ಪ್ಯಾನಿಷ್‌ನಲ್ಲಿ. ನಾನೂ ಮನೆಯಲ್ಲಿ ತುಳು ಆಡಿ ಅಮ್ಮನಿಗೆ ಕನ್ನಡದಲ್ಲಿ ಕಾಗದ ಬರೆಯುತ್ತೇನೆ ಎಂದೆ. ಅವರು ಕುರ್ಚಿಯಲ್ಲಿ ಮುಂದೆ ಸರಿದು, ನಿಮಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದರು. ನಮ್ಮಲ್ಲಿ ಜಗಳವೆಲ್ಲ ಮೀನು ಸಾರಿಗೆ ಹುಳಿ ಎಷ್ಟು ಎಂಬುದರ ಮೇಲೆ ಎಂದೆ. ಬಹಳ ಹೊತ್ತು ನಕ್ಕರು.

ಅವರ ನಾಡಿನಲ್ಲಿ ಅದೇ ಸಿಟ್ಟಿನಿಂದ ಒಂದು ಗುಂಪು ಬಂದೂಕು ಹಿಡಿದಿತ್ತು. ಸರ್ವಾಧಿಕಾರಿಯ ಕಾಲದಲ್ಲಿ ಊರಿಗೆ ಊರೇ ಒಳಗೊಳಗೆ ಆ ಗುಂಪಿನ ಪರವಾಗಿತ್ತಂತೆ. ಆಮೇಲೆ ಅವನು ಸತ್ತ, ಚುನಾವಣೆ ಬಂತು, ಅವರದೇ ಸರಕಾರವೂ ಬಂತು, ಶಾಲೆಗಳಲ್ಲಿ ಭಾಷೆಯೂ ಬಂತು. ಗುಂಡು ಮಾತ್ರ ನಿಲ್ಲಲಿಲ್ಲ. ಮೊದಲು ಪೊಲೀಸರು, ಸೈನಿಕರು. ಆಮೇಲೆ ಪತ್ರಕರ್ತರು, ಊರಿನ ಪುರಸಭೆಯ ಸದಸ್ಯರು. "ಇಪ್ಪತ್ತು ವರ್ಷದವನಿದ್ದಾಗ ನಾನೂ ಚಪ್ಪಾಳೆ ತಟ್ಟಿದ್ದೇನೆ," ಎಂದು ಅವರು ಒಮ್ಮೆ ಹೇಳಿದರು. "ನನ್ನ ಚಪ್ಪಾಳೆ ಕೇಳಿಯೇ ನನ್ನ ತಮ್ಮ ದೊಡ್ಡವನಾದ."

ಆ ತಮ್ಮನೇ ಅವರ ಚಿಂತೆ. ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ತಂದೆ ಬೇಗ ತೀರಿಕೊಂಡದ್ದರಿಂದ ಇವರೇ ಸಾಕಿದ್ದು. ಆ ಗುಂಪಿನ ಹಿಂದೆ ಮುಂದೆ ತಿರುಗುವವರ ಸಹವಾಸದಲ್ಲಿದ್ದ; ಇನ್ನೂ ಪೂರ್ತಿ ಒಳಗೆ ಹೋಗಿರಲಿಲ್ಲ. ಆ ವರ್ಷಗಳಲ್ಲಿ ಬಹರೈನಿನಲ್ಲೂ ಸರಕಾರದ ವಿರುದ್ಧ ಗಲಭೆಯೆದ್ದು ಅಲ್ಲಲ್ಲಿ ಟೈರ್ ಸುಡುತ್ತಿತ್ತು. ಸಿತ್ರಾದ ಕಡೆಯಿಂದ ಕಪ್ಪು ಹೊಗೆ ಎದ್ದರೆ ನಾವು ಹೊರಗಿನವರು ಕಿಟಕಿ ಮುಚ್ಚಿಕೊಂಡು, ಶಾಲೆಯ ಬಸ್ ಯಾವ ದಾರಿಯಲ್ಲಿ ಬರುತ್ತದೋ ಎಂದು ಯೋಚಿಸುತ್ತಿದ್ದೆವು. ಅವರು ಮಾತ್ರ ಟೆರೇಸಿಗೆ ಹತ್ತಿ ಹೊಗೆ ಆರುವವರೆಗೂ ನೋಡುತ್ತಾ ನಿಲ್ಲುತ್ತಿದ್ದರು.

ದಾರಿ ತೋರಿಸಿದವಳು ನನ್ನ ಹೆಂಡತಿ. "ಅದಕ್ಕೆ ಎಂತ ಯೋಚನೆ ಸಾರ್? ಒಂದು ವೀಸಾ ತೆಗೆದು ಇಲ್ಲಿಗೆ ಕರೆಸಿ. ನಮ್ಮ ಅಣ್ಣ ಊರಲ್ಲಿ ಕುಡ್ಕರ ಒಟ್ಟಿಗೆ ಸೇರಿ ಹಾಳಾಗಿದ್ದ. ಇವರೇ ಇಲ್ಲಿಗೆ ತಂದದ್ದು. ಈಗ ನೋಡಿ, ಮೂರು ಮಕ್ಕಳ ಅಪ್ಪ." ನಮ್ಮ ಕಡೆಯವರಿಗೆ ಇದು ಗೊತ್ತಿದ್ದ ಮದ್ದು. ಮಗ ಕೈತಪ್ಪುತ್ತಿದ್ದಾನೆ ಅನ್ನಿಸಿದರೆ ಗಲ್ಫಿಗೆ ಹಾಕುವುದು. ಅವರು ನಕ್ಕುಬಿಡುತ್ತಾರೆ ಅಂದುಕೊಂಡೆ. ನಗಲಿಲ್ಲ. ಮರುವಾರ ತಮ್ಮನ ಪಾಸ್‌ಪೋರ್ಟಿನ ಪ್ರತಿಯೊಂದಿಗೆ ನನ್ನ ಮೇಜಿನ ಮುಂದೆ ನಿಂತಿದ್ದರು. ತಾಯಿ ಗುಟ್ಟಾಗಿ ಕಳಿಸಿದ್ದರಂತೆ. ತಮ್ಮನೂ ಫೋನಿನಲ್ಲಿ ಬೇಡ ಎಂದಿರಲಿಲ್ಲ, ನೋಡೋಣ ಎಂದಿದ್ದ. ಆ ಒಂದು ‘ನೋಡೋಣ’ ಅವರ ಮುಖವನ್ನು ಹತ್ತು ವರ್ಷ ಚಿಕ್ಕದು ಮಾಡಿತ್ತು.

"ವೀಸಾ ಬಂದರೆ ನನ್ನ ಕೈಗೇ ಕೊಡಿ. ರಜೆಯಲ್ಲಿ ಹೋಗಿ ನಾನೇ ಅವನಿಗೆ ಕೊಡುತ್ತೇನೆ," ಎಂದರು. ಯಾಕೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಣ್ಣನ ಆಸೆ ಅಂದುಕೊಂಡೆ.

ವೀಸಾ ಬಂದಾಗ ಅವರು ರಿಪೇರಿಯಾದ ಹಡಗೊಂದರ ಪರೀಕ್ಷೆಗೆಂದು ಕಡಲಿನಲ್ಲಿದ್ದರು, ಮರಳಲು ಇನ್ನೂ ವಾರವಿತ್ತು. ವೀಸಾದ ಅವಧಿ ಆಗಲೇ ಓಡತೊಡಗಿತ್ತು. ಅರ್ಜಿಯಲ್ಲಿ ಊರಿನ ಸಂಪರ್ಕ ಎಂಬಲ್ಲಿ ಒಂದು ಫ್ಯಾಕ್ಸ್ ನಂಬರ್ ಇತ್ತು. ತಾಯಿಯ ಮನೆಯ ಕೆಳಗಿನ ಪುಸ್ತಕದ ಅಂಗಡಿಯದು. ನಾನು ಎಷ್ಟು ನೂರು ವೀಸಾಗಳನ್ನು ಹೀಗೆ ಕಳಿಸಿದ್ದೆನೋ! ಉಡುಪಿಯ ಎಸ್‌ಟಿಡಿ ಬೂತಿಗೆ ಫ್ಯಾಕ್ಸ್ ಹೋಗುತ್ತದೆ, ಬೂತಿನವನು ಓಡಿಹೋಗಿ ಮನೆಯವರಿಗೆ ಹೇಳುತ್ತಾನೆ, ಸಂಜೆಯೊಳಗೆ ಕೇರಿಗೆಲ್ಲ ಲಡ್ಡು. ಅದೇ ಖುಷಿಯಲ್ಲಿ ಮೇಲೊಂದು ಹಾಳೆ ಸೇರಿಸಿ, ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಅವರ ತಮ್ಮನ ಹೆಸರು ಬರೆದು, ಅಭಿನಂದನೆ, ವೀಸಾ ರೆಡಿ, ಕೂಡಲೇ ಹೊರಡಿ ಎಂದು ಹಾಕಿ ಫ್ಯಾಕ್ಸ್ ಮಾಡಿದೆ. ಅವರು ಬಂದಾಗ ಆಶ್ಚರ್ಯವಾಗಲಿ ಎಂದು ಹೆಂಡತಿಗೂ ಹೇಳಲಿಲ್ಲ.

ಅವರು ಬಂದದ್ದು ಒಂದು ಶುಕ್ರವಾರ ಬೆಳಗ್ಗೆ. ಹೆಂಡತಿ ಮಕ್ಕಳೊಂದಿಗೆ ಈಸಾ ಟೌನಿನ ಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದಳು. ಒಳಗೆ ಬಂದವರು ಕೂರಲಿಲ್ಲ.

"ಅದನ್ನು ನೀವು ಕಳಿಸಿದಿರಾ?"

"ಹೌದು ಸಾರ್. ಅವರಿಗೆ ಖುಷಿಯಾಗಲಿ ಅಂತ..."

ಅವರು ಗೋಡೆಗೆ ಕೈಕೊಟ್ಟು ನಿಂತರು. "ನಿಮ್ಮ ಊರಿನಲ್ಲಿ ವೀಸಾ ಬಂದರೆ ಸಿಹಿ ಹಂಚುತ್ತೀರಿ. ನಮ್ಮ ಊರಿನಲ್ಲಿ ಅಂಥ ಸಹವಾಸದವನೊಬ್ಬ ಇದ್ದಕ್ಕಿದ್ದಂತೆ ಹೊರಡುತ್ತಾನೆ ಎಂದರೆ, ಇವನು ಪೊಲೀಸರಿಗೆ ಏನು ಹೇಳಿದ ಎಂದು ಕೇಳುತ್ತಾರೆ. ಗುಂಪು ಬಿಟ್ಟು ಬಂದವರನ್ನು ಅವರದೇ ಬೀದಿಯಲ್ಲಿ ಕೊಂದಿದ್ದಾರೆ." ತಾಯಿ ಫೋನಿನಲ್ಲಿ ಎಲ್ಲ ಹೇಳಿದ್ದರಂತೆ: ಫ್ಯಾಕ್ಸನ್ನು ಅಂಗಡಿಗೆ ಬಂದವರೆಲ್ಲ ಓದಿದ್ದರು. ಸಂಜೆ ಬಾರಿನಲ್ಲಿ ಗೆಳೆಯರು ತಮ್ಮನನ್ನು ಸುತ್ತುವರಿದು ಕೇಳಿದ್ದರು. ಅವನು ಅವರ ಮುಂದೆಯೇ ಅದನ್ನು ಹರಿದು ಹಾಕಿದ್ದ. ನಾನು ಓಡಿಹೋಗುವವನಲ್ಲ ಎಂದು ಸಾಧಿಸಿ ತೋರಿಸಲು ಏನು ಬೇಕಾದರೂ ಮಾಡುವ ಸ್ಥಿತಿಗೆ ಬಂದಿದ್ದ. ನಾಲ್ಕನೆಯ ದಿನ ಮನೆ ಬಿಟ್ಟ. ಕ್ಷಮಿಸಿ ಎನ್ನಬೇಕಿತ್ತು. ಕುಡಿಯಲು ನೀರು ಬೇಕಾ ಸಾರ್ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿ ಇಳಿದುಹೋದರು.

ಅವರ ತಮ್ಮನ ವೀಸಾ ತಿರಸ್ಕಾರವಾಯಿತೆಂದು ಹೆಂಡತಿಗೆ ಸುಳ್ಳು ಹೇಳಿದೆ.

ಏಳೆಂಟು ತಿಂಗಳ ಮೇಲೆ ಸುದ್ದಿ ಬಂತು. ಅವರ ಪಕ್ಕದ ಊರಿನ ಪುರಸಭೆಯ ಸದಸ್ಯನೊಬ್ಬನನ್ನು ಗುಂಡಿಟ್ಟು ಕೊಂದಿದ್ದರು. ಕೊಂದವರ ಕಾರು ಓಡಿಸಿದ್ದವನು ಇವರ ತಮ್ಮ. ಸಿಕ್ಕಿಬಿದ್ದಿದ್ದ. ಅವನನ್ನು ದೇಶದ ಇನ್ನೊಂದು ತುದಿಯ ಜೈಲಿಗೆ ಹಾಕಿದ್ದರು. ಅಂಥವರನ್ನೆಲ್ಲ ಮನೆಯಿಂದ ದೂರ ದೂರ ಚದುರಿಸಿಡುವುದು ಅಲ್ಲಿನ ಕ್ರಮವಂತೆ. ಹದಿನೈದು ದಿನಕ್ಕೊಮ್ಮೆ ಮುದುಕಿ ತಾಯಿ ದಿನವಿಡೀ ಬಸ್ಸಿನಲ್ಲಿ ಕೂತು ಹೋಗಬೇಕು. ಜೊತೆಗೆ ಯಾರಾದರೂ ಬೇಕೆಂದು ಅವರು ಕೆಲಸ ಬಿಟ್ಟರು. ಕಚೇರಿಯಲ್ಲಿ ಅವರ ರಾಜೀನಾಮೆ ಟೈಪ್ ಮಾಡುವಾಗ, ತಲೆ ಎತ್ತದೆ, ಕ್ಷಮಿಸಿ ಸಾರ್ ಎಂದೆ. ಅವರು ಹೇಳಿದರು: "ಸತ್ತವನಿಗೆ ಇಬ್ಬರು ಹೆಣ್ಣುಮಕ್ಕಳು. ನನ್ನ ತಮ್ಮ ಬದುಕಿದ್ದಾನೆ. ಕ್ಷಮೆ ಕೇಳಬೇಕಾದವರ ಸಾಲಿನಲ್ಲಿ ನಾನೇ ನಿಮಗಿಂತ ಮುಂದಿದ್ದೇನೆ." ಕ್ಷಮಿಸಿದ್ದೇನೆ ಎಂದು ಮಾತ್ರ ಹೇಳಲಿಲ್ಲ.

ಹೊರಡುವ ದಿನ ಮೇಲೆ ಬಂದು ಹೆಂಡತಿಗೆ ಕೈಮುಗಿದರು. ನಮ್ಮನ್ನು ನೋಡಿಯೇ ಕಲಿತದ್ದು. ಅವಳು ಕಣ್ಣೊರೆಸಿಕೊಂಡು, "ಆ ವೀಸಾ ಒಂದು ಸಿಗ್ಲಿಲ್ಲ ಅಲ್ವಾ ಸಾರ್. ಗ್ರಹಚಾರ," ಎಂದಳು. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹೌದು," ಎಂದರು ಅವರು. "ಸಿಗಲಿಲ್ಲ."

ಆಮೇಲೆ ಅವರ ಸುದ್ದಿಯಿಲ್ಲ. ಆ ಗುಂಪು ಆಯುಧ ಕೆಳಗಿಟ್ಟು ತನ್ನನ್ನು ತಾನೇ ಮುಚ್ಚಿಕೊಂಡಿತೆಂದು ಕೆಲವು ವರ್ಷಗಳ ಹಿಂದೆ ಓದಿದೆ. ತಮ್ಮ ಹೊರಬಂದನೋ, ಅವರು ಇದ್ದಾರೋ, ತಾಯಿಗೆ ಅಷ್ಟು ದೂರದ ಬಸ್ಸು ಎಷ್ಟು ವರ್ಷ ಸಾಧ್ಯವಾಯಿತೋ... ಒಂದು ಕಾಗದ ಬರೆಯೋಣವೆಂದರೆ ನನ್ನ ಬಳಿ ವಿಳಾಸವಿಲ್ಲ. ಇದ್ದದ್ದು ಆ ಪುಸ್ತಕದ ಅಂಗಡಿಯ ಫ್ಯಾಕ್ಸ್ ನಂಬರ್ ಒಂದೇ. ಅವರಂಥ ನೆರೆಯವರು ನಮಗೆ ಮತ್ತೆ ಸಿಗಲಿಲ್ಲ.

ಮೊನ್ನೆ ಆ ಮೀನಿನ ವಾಸನೆ ಹೊತ್ತು ಸನದ್‌ನ ಅಂಗಡಿಯಿಂದ ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿಯೂ ಅವರ ಮಾತೇ ತೆಗೆದಳು. ಸಿಗ್ನಲ್ಲಿನಲ್ಲಿ ನಿಂತಿದ್ದೆವು.

"ಆ ವೀಸಾ ಸಿಕ್ಕಿದ್ದಿದ್ರೆ ಅವರ ತಮ್ಮ ಉಳೀತಿದ್ದ, ಅಲ್ವಾ ಮಾರಾಯ್ರೆ?"

"ಹೌದು," ಎಂದೆ.