ದೊಡ್ಡಕ್ಕೋರು ತೀರಿಸಿದ ಮುಯ್ಯಿ

ಆಗಸ್ಟ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಒಳ್ಳೆಯ ಮುಖ್ಯ ಶಿಕ್ಷಕರಲ್ಲಿ ಯಾವ ಗುಣಗಳಿರಬೇಕು ಎಂದು ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಶಾಲೆಯಲ್ಲಿ ಹೇಳಿದ್ದಾರೆ. ಗುಣ ಕೇಳಿದರೆ ಅಜ್ಜ ಒಂದು ದಿನದ ಕಥೆ ಹೇಳಿದರು. ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ.

ನಾನು ಚಿಕ್ಕವನಿದ್ದಾಗ ನಾವು ಮಲೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿದ್ದೆವು. ಊರಿನ ಸುತ್ತ ಭತ್ತದ ಗದ್ದೆ. ಕಾಲುವೆಗೆ ನೀರು ಬಿಟ್ಟರೆ ಮನೆಯೊಳಗೂ ಹಸಿ ಕೆಸರಿನ ವಾಸನೆ ಬರುತ್ತಿತ್ತು, ಬೆಳ್ಳಕ್ಕಿಗಳು ಗದ್ದೆಗೆ ಇಳಿಯುತ್ತಿದ್ದವು. ಇವತ್ತು ನಿಮ್ಮ ಮನೆಯ ಹೆಂಗಸು ನಮ್ಮ ಗದ್ದೆಯಲ್ಲಿ ನಾಟಿ ಮಾಡಿದರೆ, ನಾಳೆ ನಮ್ಮ ಮನೆಯವಳು ನಿಮ್ಮ ಗದ್ದೆಗೆ ಬರಬೇಕು. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು.

ಆ ವರ್ಷ ನಮ್ಮ ನಾಟಿಗೆ ಪಕ್ಕದ ಗದ್ದೆಯ ಅಜ್ಜಿ ಬಂದಿದ್ದರು. ಅವರಿಗೆ ಕಾಲುವೆ ನೀರಿನ ಸರದಿ ಬಂದು ನಾಟಿ ಗೊತ್ತಾದದ್ದು ಒಂದು ಭಾನುವಾರ. ಅವ್ವ ಬಾಣಂತಿ, ಹಾಗಾಗಿ ಹೋಗಬೇಕಾದವಳು ಅಕ್ಕ. ಆದರೆ ಅದೇ ದಿನ ಹರಿಹರದಲ್ಲಿ ಅಕ್ಕನಿಗೆ ಪರೀಕ್ಷೆ. ಪಾಸಾದರೆ ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಬಹುದು. ಇಲ್ಲವಾದರೆ ಏಳನೇ ತರಗತಿಗೇ ಓದು ಮುಗಿಯಿತು. ಅಪ್ಪ ಪರೀಕ್ಷೆ ಬೇಡವೆಂದರು. ಅಕ್ಕ ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಶನಿವಾರ ಸಂಜೆ ನಮ್ಮ ಶಾಲೆಯ ಮುಖ್ಯ ಶಿಕ್ಷಕಿ ಮನೆಗೆ ಬಂದರು. ಊರೆಲ್ಲ ಅವರನ್ನು ದೊಡ್ಡಕ್ಕೋರು ಎನ್ನುತ್ತಿತ್ತು. ಕಟ್ಟೆಯ ಮೇಲೆ ಕೂತು, ಅಪ್ಪನನ್ನು ಗದರದೆ, ಹೇಳಿದ್ದನ್ನೆಲ್ಲ ಕೇಳಿದರು.

“ಮುಯ್ಯಿ ತಪ್ಪಿಸಿದ್ರೆ ಮುಂದಿನ ಸಲ ನಮ್ಮ ಗದ್ದಿಗೆ ಯಾರು ಬರ್ತಾರ್ರೀ?” ಎಂದರು ಅಪ್ಪ.

“ನಿಮಗೆ ಒಂದಾಳು ಬೇಕು, ಹೌದಲ್ರಿ? ನಾನು ಬರ್ತೀನಿ. ಮಕ್ಕಳನ್ನ ಮೇಷ್ಟ್ರು ಹರಿಹರಕ್ಕೆ ಕರ್ಕಂಡು ಹೋಗ್ತಾರೆ.”

“ನೀವಾ? ಬ್ಯಾಡ್ರಿ. ಊರು ನಗ್ತೈತೆ.”

“ನಗ್ಲಿ ಬಿಡ್ರಿ. ನಗಕಂತ ಮಾಡಿದ್ರೆ ನಾಟಿ ಬ್ಯಾಸರ ಆಗಲ್ಲ.”

ಬೆಳಿಗ್ಗೆ ಅಕ್ಕ ಎಣ್ಣೆ ಹಚ್ಚಿದ ಜಡೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದಳು. ದೊಡ್ಡಕ್ಕೋರು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದರು. ನಾನು ಬದುವಿನಿಂದ ಸಸಿಯ ಕಟ್ಟುಗಳನ್ನು ಎಸೆಯುತ್ತಿದ್ದೆ. ಅವರು ಸಸಿಗಳನ್ನು ತುಂಬ ಆಳಕ್ಕೆ ಒತ್ತುತ್ತಿದ್ದರು.

“ಅಕ್ಕೋರೆ, ನೆಡ್ರಿ, ಹೂಳಬ್ಯಾಡ್ರಿ. ಪಾಪ, ಮ್ಯಾಲೆ ಬರಾಕೆ ದಾರಿ ಕೇಳ್ತಾವೆ,” ಎಂದರು ಅಜ್ಜಿ. ಹೆಂಗಸರೆಲ್ಲ ನಕ್ಕರು, ದೊಡ್ಡಕ್ಕೋರೂ ನಕ್ಕರು. “ಒಂದು ಸಲ ನೀವು ನೆಟ್ಟು ತೋರಿಸ್ರಿ,” ಎಂದು ನೋಡಿ ಕಲಿತು, ತಾವು ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಟ್ಟರು. ಅಷ್ಟರಲ್ಲಿ ಉಳಿದವರು ಬಹಳ ಮುಂದೆ ಹೋಗಿದ್ದರು.

ಮಧ್ಯಾಹ್ನ ಮಜ್ಜಿಗೆ ಕುಡಿಯುವಾಗ ಅಜ್ಜಿ ಖಡಾಖಂಡಿತವಾಗಿ ಹೇಳಿದರು: “ಇದು ಅರ್ಧ ಆಳಿನ ಕೆಲಸ. ಮುಯ್ಯಿ ಅರ್ಧಾನೇ ತೀರಿದ್ದು.”

ದೊಡ್ಡಕ್ಕೋರು ಮತ್ತೆ ಗದ್ದೆಗಿಳಿದರು. ಬದುವಿನ ಮೇಲಿದ್ದ ಅಪ್ಪ ಸ್ವಲ್ಪ ಹೊತ್ತು ನೋಡಿದರು. ನಮ್ಮೂರಿನಲ್ಲಿ ಗಂಡಸರು ಉಳುತ್ತಿದ್ದರು, ಸಸಿ ಹೊರುತ್ತಿದ್ದರು. ಬಗ್ಗಿ ನೆಟ್ಟವರನ್ನು ನಾನು ಕಂಡಿರಲಿಲ್ಲ. ಅಪ್ಪ ಪಂಚೆ ಬಿಗಿದು, ದೊಡ್ಡಕ್ಕೋರ ಪಕ್ಕದಲ್ಲಿ ಸಸಿ ಹಿಡಿದು ಬಗ್ಗಿದರು.

“ಬಳೆ ತರಿಸ್ಲೇನಣ್ಣಾ?” ಎಂದು ಯಾರೋ ಕೂಗಿದರು.

“ತರ್ಸವ್ವ. ಸಂಜಿಗೆ ಮಗಳಿಗೆ ಕೊಡ್ತೀನಿ,” ಎಂದರು ಅಪ್ಪ, ತಲೆ ಎತ್ತದೆ.

ಹೊತ್ತು ಮುಳುಗುವಾಗ ಗದ್ದೆ ಮುಗಿಯಿತು. “ಈಗ ತೀರ್ತು,” ಎಂದರು ಅಜ್ಜಿ. ಆ ರಾತ್ರಿ ಅಕ್ಕನ ತಟ್ಟೆಗೆ ಅಪ್ಪನೇ ಬಡಿಸಿದರು. ಅವರ ಉಗುರಿನಲ್ಲಿ ಇನ್ನೂ ಕೆಸರಿತ್ತು. ಅಕ್ಕ ಪಾಸಾದಳು, ದಾವಣಗೆರೆಯಲ್ಲಿ ಓದಿದಳು. ಅವಳ ಹಿಂದೆ ನಾನೂ ಓದಿದೆ.

ಈಗ ಆ ಗದ್ದೆಗಳಲ್ಲಿ ನಾಟಿ ಯಂತ್ರ ಓಡಾಡುತ್ತದೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಿಮ್ಮ ಮನೆಯಲ್ಲಿ ಪರೀಕ್ಷೆಯೆಂದರೆ ಒಬ್ಬರು ಪೆನ್ನು ಹುಡುಕುತ್ತಾರೆ, ಒಬ್ಬರು ಬಾಟಲಿಗೆ ನೀರು ತುಂಬುತ್ತಾರೆ, ಒಬ್ಬರು ಸ್ಕೂಟರ್ ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಶುರು ಮಾಡಿಸಿದವರು ದೊಡ್ಡಕ್ಕೋರು. ವರ್ಗವಾಗಿ ಅವರು ಊರು ಬಿಟ್ಟಾಗ ನಾವು ಹೆಸರನ್ನೂ ಕೇಳಿಟ್ಟುಕೊಳ್ಳಲಿಲ್ಲ.

ಅಜ್ಜ ಮುಗಿಸಿದಾಗ ಹನ್ನೊಂದೂವರೆ. ದೊಡ್ಡಕ್ಕೋರ ಹೆಸರೇನು, ಆಮೇಲೆ ಯಾವ ಊರಿನ ಶಾಲೆಗೆ ಹೋದರು ಎಂದು ಇದನ್ನು ಓದಿದವರಲ್ಲಿ ಯಾರಾದರೂ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಅವರ ಮನೆಯವರನ್ನು ಕಂಡು ಅಜ್ಜ ಕೈ ಮುಗಿಯಬೇಕಂತೆ.