ಸ್ಕ್ರೀನಿನಲ್ಲಿ ಹಿಡಿಸದ ವಿಂಡೋ

ಮೊನ್ನೆ ಕೊಟ್ಟೂರಿನ ನನ್ನ ಅಂಗಡಿಗೆ ಹೊಸ ಮಾನಿಟರ್ ಬಂತು. ಡಬ್ಬಿ ಬಿಚ್ಚಿದಾಗ ಮೂಗಿಗೆ ಬಡಿದ ಪ್ಲಾಸ್ಟಿಕ್ ವಾಸನೆಗೆ ಹಡಗಲಿ ಬಸ್‌ಸ್ಟ್ಯಾಂಡ್ ಎದುರಿನ, ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಒಡತಿಯ ಅಂಗಡಿ ನೆನಪಾಯಿತು... ಟೈಪಿಂಗ್, ಜೆರಾಕ್ಸ್, ಆನ್‌ಲೈನ್ ಅರ್ಜಿ. ಮದುವೆಯಾದ ಹೊಸದರಲ್ಲಿ ನಾನು ಅಲ್ಲಿ ಕೆಲಸಕ್ಕಿದ್ದೆ.

ಅಕ್ಕ ಕೂತಲ್ಲಿ ಕೂತವರಲ್ಲ. ಸ್ಕ್ರೀನಿನ ಮುಂದೆಯೂ ಹಾಗೇ: ಎಡಕ್ಕೆ ಗಿರಾಕಿಯ ದಾಖಲೆ, ಬಲಕ್ಕೆ ಅರ್ಜಿ. ಎರಡು ವಿಂಡೋಗಳನ್ನು ಅಕ್ಕಪಕ್ಕ ಹೊಂದಿಸಿದರೂ ಸಮಾಧಾನವಿಲ್ಲ. ಅಂಚು ಹಿಡಿದು ಎಳೆಯುವುದು, ಕುಗ್ಗಿಸುವುದು, ಮತ್ತೆ ಹಿಗ್ಗಿಸುವುದು. ಬರಬರುತ್ತ ಅಕ್ಷರಗಳನ್ನು ದೊಡ್ಡದು ಮಾಡುತ್ತ ಹೋದರು. ಕಡೆಗೆ ಒಂದೇ ವಿಂಡೋ ತೆರೆದರೂ ಸ್ಕ್ರೀನು ಸಾಲದಾಯಿತು. ಕೇಳಿದರೆ, "ಹಳೇ ಮಾನಿಟರ್ ಲೇ, ಹಂಗ ಅದು" ಎನ್ನುತ್ತಿದ್ದರು.

ಒಂದು ಸಂಜೆ ಕುರಿ ಸಾಕುವವರೊಬ್ಬರು ಮಗಳನ್ನು ಕರೆತಂದರು. ನರ್ಸಿಂಗ್ ಅರ್ಜಿಗೆ ಅಂದೇ ಕೊನೆಯ ದಿನ. ಹುಡುಗಿಯ ಫೋಟೊವನ್ನು ಕೇಳಿದ ಅಳತೆಗೆ ಇಳಿಸಲು ಅಕ್ಕ ಸಾಫ್ಟ್‌ವೇರ್ ತೆರೆದರು. ವಿಂಡೋ ಸ್ಕ್ರೀನಿಗಿಂತ ಉದ್ದವಾಗಿ, ಸೇವ್ ಬಟನ್ ಕೆಳಗೆಲ್ಲೋ ಮರೆಯಾಗಿತ್ತು. ಮೇಲೆ ಎಳೆದರೆ ವಿಂಡೋ ಜಗ್ಗಲಿಲ್ಲ. ಮುಚ್ಚಿ ತೆರೆದರು, ಮತ್ತದೇ.

"ಅಕ್ಕಾರ, ಆತೇನ್ರಿ?" ಹುಡುಗಿಯ ಅಪ್ಪ ಬಾಗಿ ಕೇಳಿದರು.

"ಅಕ್ಷರ ಸಣ್ಣದು ಮಾಡ್ರಿ ಅಕ್ಕಾ, ವಿಂಡೋ ಒಳಗ ಬರತೈತಿ" ಎಂದೆ.

"ಸಣ್ಣದು ಮಾಡಿದ್ರ ನನಗ ಕಾಣಂಗಿಲ್ಲ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಕುರ್ಚಿ ಬಿಟ್ಟೆದ್ದು, "ನೀನ ಕುಂದ್ರು" ಎಂದು ಬಾಗಿಲಿಗೆ ಹೋಗಿ ನಿಂತರು. ಅಕ್ಷರ ಇಳಿಸಿದೆ, ವಿಂಡೋ ಕುಗ್ಗಿತು, ಬಟನ್ ಕಂಡಿತು. ಅರ್ಜಿ ಹೋಯಿತು. ಹುಡುಗಿ ಕುಣಿಯುವಷ್ಟು ಖುಷಿಪಟ್ಟಳು. ಅಕ್ಕ ಮಾತ್ರ ತಿರುಗಿ ನೋಡಲಿಲ್ಲ...

ಬಳ್ಳಾರಿಗೆ ಹೋಗಿ ತೋರಿಸಿದಾಗ ಕಣ್ಣಿನ ಡಾಕ್ಟರು, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು. ಆಮೇಲೆ ಅಕ್ಕ ಆ ಕುರ್ಚಿಯಲ್ಲಿ ಕೂರಲೇ ಇಲ್ಲ. ನನ್ನ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತ, "ಎಲ್ಲಾ ಕಾಣತೈತೇನ? ಸರಿಯಾಗಿ ನೋಡು" ಎಂದು ಕೇಳುತ್ತಲೇ ಇರುತ್ತಿದ್ದರು. ಕೊನೆಗೆ ಅಂಗಡಿ ಮುಚ್ಚಿ ಅರಸೀಕೆರೆಗೆ, ತಮ್ಮನ ಮನೆಗೆ ಹೋದರು.

ಹೋದ ವರ್ಷ ಆ ತಮ್ಮನ ಫೋನು ಬಂತು. ನಾನು ಊರು ಮುಟ್ಟುವಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿಯಾಗಿತ್ತು. "ಕೊನಿತನಕಾ ಒಂದು ಕಡಿ ಕೂಡ್ಲಿಲ್ರಿ. ಗ್ವಾಡಿ ಹಿಡ್ಕೊಂಡು ಅಡ್ಡಾಡೋಳು" ಎಂದರು ತಮ್ಮ.

ಇವತ್ತು ಹೊಸ ಮಾನಿಟರ್ ಮುಂದೆ ಕೂತಾಗ, ಗಿರಾಕಿಗಳು ಕಾಯುತ್ತಿದ್ದರೂ ಮನಸ್ಸು ನಿಲ್ಲಲಿಲ್ಲ. ಈಗ ಇಲ್ಲಿ ಎಲ್ಲರೂ ನನ್ನನ್ನೇ ಅಕ್ಕ ಅನ್ನುತ್ತಾರೆ. ಹಾಗೆ ಕರೆಯಲು ನನಗೊಬ್ಬರಿಲ್ಲ.